ಮರೆತದ್ದಲ್ಲ

ಲಿಫ್ಟಿನ ಬಾಗಿಲಿಗೆ ಹಾಕುವ ಬೀಗದ ಬೆಲೆ ಇಬ್ಬರು ಹೋಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುವಷ್ಟು. ಒಂದೇ ಬೀಗ ತರಿಸಿದರೆ ಸಾಗಣೆಗೆ ಮೂರನೆಯವನ ಊಟದಷ್ಟು ಬೇರೆ. ಐದು ಬೀಗ ಒಟ್ಟಿಗೆ ತರಿಸಿದರೆ ಸಾಗಣೆ ಪುಕ್ಕಟೆ. ಬೀಗ ಬರುವ ತನಕ ಲಿಫ್ಟ್ ನಿಲ್ಲಿಸಿದರೆ ಕಟ್ಟಡದವರ ಬೈಗುಳ ತಿನ್ನಬೇಕು. ಅದಕ್ಕೆ ಖರ್ಚಿಲ್ಲ, ಆದರೆ ಬೈದವರು ವರ್ಷದ ಗುತ್ತಿಗೆಯನ್ನು ಪಕ್ಕದ ಬೀದಿಯವನಿಗೆ ಕೊಟ್ಟರೆ ಅಂಗಡಿಯ ಕೆಲಸಗಾರರ ಎರಡು ತಿಂಗಳ ಸಂಬಳ ಹೋಯಿತು. ಇನ್ನು ಕೆಟ್ಟ ಬಾಗಿಲಿನ ಮುಂದೆ ಒಂದು ಕುರ್ಚಿ ಅಡ್ಡ ಇಟ್ಟು, ‘ಈ ಬಾಗಿಲು ತೆರೆಯಬೇಡಿ’ ಎಂದು ಬರೆದು ಅಂಟಿಸುವುದಕ್ಕೆ ಏನೂ ಆಗುವುದಿಲ್ಲ. ಕುರ್ಚಿ ಕಟ್ಟಡದವರದೇ ಇರುತ್ತದೆ.

ಅಕ್ಕ ಈ ಲೆಕ್ಕವನ್ನು ಆಗ ಒಂದೇ ಒಂದು ಸಲ, ಫೋನು ಕಿವಿಗಿಟ್ಟುಕೊಂಡೇ ಹಾಕಿ ಮುಗಿಸಿದ್ದಳು. ಈಗ ಕೂತರೆ ನಿಂತರೆ ಅದೇ ಲೆಕ್ಕ.

ಬೀದಿಗೆಲ್ಲ ಅವಳು ಅಕ್ಕ. ಅಪ್ಪ ಕಟ್ಟಿದ ಲಿಫ್ಟ್ ರಿಪೇರಿ ಅಂಗಡಿಯನ್ನು ಅಪ್ಪ ಹೋದ ಮೇಲೆ ಅವಳೇ ನಡೆಸುತ್ತಿದ್ದಳು. ಕೆಳಗೆ ಅಂಗಡಿ, ಮೇಲಿನ ಎರಡು ಕೋಣೆಯಲ್ಲಿ ಅವಳು, ಹಿಂಭಾಗದ ಮನೆಯಲ್ಲಿ ತಮ್ಮ ಮತ್ತು ಅವನ ಹೆಂಡತಿ. ಗುತ್ತಿಗೆ, ಬಿಲ್ಲು, ಫೋನು ಅವಳ ಪಾಲಿಗೆ. ಸ್ಪ್ಯಾನರು, ಗ್ರೀಸು ತಮ್ಮನ ಪಾಲಿಗೆ. ಗ್ರೀಸು ಅಂದೆನೇ ಹೊರತು ಅವನ ಮೈಮೇಲೆ ಅದರ ಕಲೆ ಕಂಡವರಿಲ್ಲ. ಲಿಫ್ಟಿನ ಗುಂಡಿಗಿಳಿದು ಹತ್ತಿ ಬಂದರೂ ಮದುವೆ ಮನೆಯಿಂದ ಬಂದವನ ಹಾಗೆ ಕಾಣುತ್ತಿದ್ದ. ಕೆಲಸಗಾರರು ಅವನಿಗೆ ‘ಇಸ್ತ್ರಿ’ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ.

ನಡೆದದ್ದು ಇಷ್ಟು. ನಾಲ್ಕು ಮಹಡಿಯ ಒಂದು ಹಳೆಯ ಕಟ್ಟಡ. ಕೈಯಿಂದ ಎಳೆದು ತೆರೆಯುವ ಬಾಗಿಲುಗಳ ಲಿಫ್ಟು. ಮೂರನೇ ಮಹಡಿಯ ಬಾಗಿಲಿನ ಬೀಗದ ಕೊಕ್ಕೆ ಸವೆದು ಕಚ್ಚಿಕೊಳ್ಳುತ್ತಿರಲಿಲ್ಲ. ಒಂದು ಬಾಗಿಲಿಗೆ ಬೀಗ ಬೀಳದಿದ್ದರೂ ಲಿಫ್ಟು ಜಾಗ ಬಿಟ್ಟು ಕದಲಬಾರದು, ಅದರ ಕಟ್ಟಳೆಯೇ ಹಾಗೆ. ಹಾಗಾಗಿ ಲಿಫ್ಟು ನಿಂತಿತ್ತು. ತಮ್ಮ ಛಾವಣಿಯ ಮೇಲಿನ ಯಂತ್ರದ ಕೋಣೆಗೆ ಹೋಗಿ, ಕೆಟ್ಟದ್ದು ಆ ಬೀಗವೇ ಹೌದೋ ಎಂದು ತಿಳಿಯಲು, ವಿದ್ಯುತ್ ಪೆಟ್ಟಿಗೆಯಲ್ಲಿ ಒಂದು ತುಂಡು ವೈರು ಅಡ್ಡ ಕೊಟ್ಟ. ವೈರು ಕೊಟ್ಟರೆ ಲಿಫ್ಟಿಗೆ ಎಲ್ಲ ಬಾಗಿಲೂ ಬೀಗ ಬಿದ್ದ ಹಾಗೆ ಕಾಣುತ್ತದೆ. ಲಿಫ್ಟು ಓಡಿತು. ಕೆಟ್ಟದ್ದು ಬೀಗವೇ ಎಂದು ಗೊತ್ತಾಯಿತು. ಆದರೆ ಮೂರನೇ ಮಹಡಿಯ ಬಾಗಿಲನ್ನು ಈಗ ಯಾರು ಎಳೆದರೂ, ಹಿಂದೆ ಲಿಫ್ಟ್ ಇರಲಿ ಬಿಡಲಿ, ಅದು ತೆರೆದುಕೊಳ್ಳುತ್ತಿತ್ತು.

ಅವನು ಫೋನು ಮಾಡಿದ. “ಅಕ್ಕ, ಹೊಸ ಬೀಗ ಬೇಕು. ಅಲ್ಲೀ ತನಕ ನಿಲ್ಲಿಸಿ ಬರ್ಲಾ?”

“ನಿಲ್ಲಿಸ್ತೀಯಾ? ನಾಳೆ ಅವರ ಮೀಟಿಂಗು, ಗುತ್ತಿಗೆ ಮುಂದುವರಿಸ್ಬೇಕೋ ಬೇಡ್ವೋ ಅಂತ. ಆ ಸೆಕ್ರೆಟರಿ ಒಂದು ನೆಪಕ್ಕೆ ಕಾಯ್ತಾ ಕೂತಿದಾನೆ. ಓಡ್ತಾ ಇರ್ಲಿ ಬಿಡು.”

“ಹಾಗಾದ್ರೆ ಮೂರನೇ ಮಹಡೀಲಿ ಒಂದು ಕುರ್ಚಿನಾದ್ರೂ ಅಡ್ಡ ಇಟ್ಟು ಬರ್ತೀನಿ.”

“ಕುರ್ಚಿ ಇಟ್ರೆ ಲಿಫ್ಟ್ ಕೆಟ್ಟಿದೆ ಅಂತ ಡಂಗುರ ಹೊಡೆದ ಹಾಗೇ ಅಲ್ವೇನೋ? ಎರಡು ದಿನಕ್ಕೆ ಏನೂ ಆಗಲ್ಲ. ಬಾ ನೀನು.”

ಎರಡು ದಿನ ವಾರವಾಯಿತು. ಮೀಟಿಂಗು ಮುಗಿದು ಗುತ್ತಿಗೆ ಸಿಕ್ಕಿತು. ಬೀಗ ಮಾತ್ರ ಬರಲಿಲ್ಲ. ಐದು ಸೇರಲಿ ಎಂದು ಅವಳು ಕಾಯುತ್ತಿದ್ದಳು. ತಮ್ಮ ಬೆಳಿಗ್ಗೆ ಟೀ ಕುಡಿಯುವಾಗ, “ಅಕ್ಕ, ಆ ಬೀಗ?” ಎನ್ನುವನು. “ಬರುತ್ತೆ ಮಾರಾಯ, ನಿನ್ನದೊಂದು,” ಎನ್ನುವಳು. ವಾರ ಕಳೆದು ಒಂದು ಸಂಜೆ ಮೂರನೇ ಮಹಡಿಯ ಟೈಲರ್ ಗಲ್ಲದ ತನಕ ಕೋಟುಗಳ ರಾಶಿ ಹೊತ್ತು, ಮೊಣಕೈಯಿಂದ ಬಾಗಿಲು ಎಳೆದು, ಒಳಗೆ ಕಾಲಿಟ್ಟ. ಲಿಫ್ಟು ಮೊದಲನೇ ಮಹಡಿಯಲ್ಲಿತ್ತು. ಅದರ ತಲೆಯ ಮೇಲೆ ಬಿದ್ದ. ತೊಡೆಮೂಳೆ ಮುರಿಯಿತು, ಮಣಿಕಟ್ಟು ಮುರಿಯಿತು. ಲಿಫ್ಟು ನೆಲಮಹಡಿಯಲ್ಲಿದ್ದಿದ್ದರೆ ಹೇಳಲು ಬೇರೆ ಕತೆಯಿರುತ್ತಿತ್ತು.

ಅಂದಿನಿಂದ ಅಕ್ಕನಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಒರೆಸಿದ ಮೇಜನ್ನೇ ಒರೆಸುವಳು. ಯಾವ ಕಟ್ಟಡಕ್ಕೆ ಹೋದರೂ ಮೆಟ್ಟಿಲು ಹತ್ತುವಳು, ಪ್ರತಿ ಮಹಡಿಯಲ್ಲೂ ನಿಂತು ಲಿಫ್ಟಿನ ಬಾಗಿಲನ್ನು ಎರಡೂ ಕೈಯಿಂದ ಎಳೆದು ನೋಡುವಳು. ಒಂದು ಬ್ಯಾಂಕಿನಲ್ಲಿ ಕಾವಲುಗಾರ ಅವಳನ್ನು ಕಳ್ಳಿ ಎಂದುಕೊಂಡು ಹೆಸರು ವಿಳಾಸ ಕೇಳಿದ್ದ.

ಲಾಯರಮ್ಮನ ಕಚೇರಿ ಔಷಧಿ ಅಂಗಡಿಯ ಮೇಲೆ. ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಕಿರುಗುಟ್ಟುತ್ತಿತ್ತು. ಅಕ್ಕನಿಗೆ ಕೊಟ್ಟ ಕುರ್ಚಿಯ ಒಂದು ಕಾಲು ಗಿಡ್ಡ. ಅವಳು ಕದಲಿದಾಗಲೆಲ್ಲ ಅದು ಟಕ್ ಎನ್ನುತ್ತಿತ್ತು, ಅವಳು ಕದಲುತ್ತಲೇ ಇದ್ದಳು.

“ಇಬ್ಬರೂ ಕಿವಿಗೊಟ್ಟು ಕೇಳಿ,” ಅಂದರು ಲಾಯರಮ್ಮ. “ತಪ್ಪೆಲ್ಲ ಒಂದೇ ತೂಕದ್ದಲ್ಲ. ಹಾಲು ಒಲೆ ಮೇಲಿಟ್ಟು ಯಾರ್ ಜೊತೆನೋ ಮಾತಾಡ್ತಾ ಮರೆತ್ರಿ, ಉಕ್ಕಿ ಹೋಯ್ತು. ಅದು ನಿರ್ಲಕ್ಷ್ಯ. ನಮ್ಮನೇಲೂ ಆಗುತ್ತೆ, ಜಡ್ಜ್ ಮನೇಲೂ ಆಗುತ್ತೆ. ಇನ್ನೊಂದು ನೋಡಿ. ಗ್ಯಾಸ್ ಸೋರ್ತಿದೆ, ವಾಸನೆ ಮೂಗಿಗೆ ಬಡೀತಿದೆ, ಒಳಗೆ ಮಗು ಮಲಗಿದೆ. ಆದ್ರೂ ನಾಳೆ ನೋಡಿದ್ರಾಯ್ತು ಅಂತ ಬಾಗಿಲು ಎಳ್ಕೊಂಡು ಸಿನಿಮಾಕ್ಕೆ ಹೋದ್ರಿ. ಅದು ಘೋರ ನಿರ್ಲಕ್ಷ್ಯ. ಮೊದಲನೇದ್ರಲ್ಲಿ ನಿಮಗೆ ಎಚ್ಚರ ತಪ್ಪಿತ್ತು. ಎರಡನೇದ್ರಲ್ಲಿ ಎಚ್ಚರ ಇತ್ತು, ಆದ್ರೆ ಆ ಮಗು ಲೆಕ್ಕಕ್ಕೇ ಬರಲಿಲ್ಲ.”

“ಯಾರೂ ಬೀಳ್ಲಿ ಅಂತ ಮಾಡಿದ್ದಲ್ಲ ಮೇಡಂ,” ಅಂದ ತಮ್ಮ.

“ಬೀಳ್ಲಿ ಅಂತ ಮಾಡಿದ್ರೆ ನೀವು ನನ್ನ ಹತ್ರ ಬರ್ತಿರ್ಲಿಲ್ಲ, ಪೊಲೀಸರೇ ನಿಮ್ಮ ಹತ್ರ ಬರ್ತಿದ್ರು. ಇದು ನಡುವಿನದು. ಬೀಳ್ಲಿ ಅಂತ ಅಲ್ಲ, ಬಿದ್ರೂ ಬೀಳಬಹುದು ಅಂತ ಗೊತ್ತಿದ್ದೂ ಬಿಟ್ಟಿದ್ದು. ಒಂದು ಕುರ್ಚಿ ಅಡ್ಡ ಇಡೋಷ್ಟು ಕನಿಷ್ಠ ಕಾಳಜಿ, ಅದೂ ಇಲ್ಲದೇ ಇದ್ದಿದ್ದು.”

ಕುರ್ಚಿ ಎಂದದ್ದು ಮಾತಿಗೆ. ಆದರೂ ಅಕ್ಕನ ಕುರ್ಚಿ ಟಕ್ ಅಂದಿತು.

ಲಾಯರಮ್ಮ ಮೂರು ಬೆರಳು ಎತ್ತಿ ಒಂದೊಂದಾಗಿ ಮಡಚಿದರು. ತಮ್ಮ ವೈರು ತೆಗೆಯುವುದನ್ನು ಮರೆತ ಎಂದಾದರೆ ಬರೀ ನಿರ್ಲಕ್ಷ್ಯ. ವಿಮೆಯವರು ಟೈಲರಿಗೆ ಪರಿಹಾರ ಕೊಡುತ್ತಾರೆ, ತಮ್ಮನ ಲೈಸೆನ್ಸನ್ನು ಕೆಲವು ತಿಂಗಳು ತಡೆಹಿಡಿಯಬಹುದು. ತಮ್ಮ ಗೊತ್ತಿದ್ದೇ ಬಿಟ್ಟ, ಯಜಮಾನಿಗೆ ಗೊತ್ತಿರಲಿಲ್ಲ ಎಂದಾದರೆ ವಿಮೆಯವರು ಆಗಲೂ ಕೊಡುತ್ತಾರೆ, ಯಾಕೆಂದರೆ ವಿಮೆ ಇರುವುದು ಯಜಮಾನಿಯ ಹೆಸರಿನಲ್ಲಿ. ಆದರೆ ತಮ್ಮನ ಲೈಸೆನ್ಸು ಜೀವಮಾನಕ್ಕೆ ಹೋಗುತ್ತದೆ, ಜೈಲೂ ಆಗಬಹುದು.

“ಮೂರನೇದು?” ಅಂದಳು ಅಕ್ಕ.

“ಯಜಮಾನಿಗೇ ಗೊತ್ತಿತ್ತು ಅಂದ್ರೆ ವಿಮೆಯವರು ಕೈ ಎತ್ತುತ್ತಾರೆ. ಪರಿಹಾರ ನಿಮ್ಮ ಗಂಟಿನಿಂದ ಹೋಗ್ಬೇಕು. ಅಂಗಡಿ ಮುಚ್ಚಿಸ್ತಾರೆ. ಕೇಸು ನಿಮ್ಮ ಮೇಲೆ.” ಲಾಯರಮ್ಮ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. “ಏನು ನಡೀತು ಅಂತ ನಾನು ಕೇಳಿಲ್ಲ. ಯಾವ ಮಾತು ಯಾವ ಬಾಗಿಲಿಗೆ ಹೋಗುತ್ತೆ ಅಂತ ಮಾತ್ರ ಹೇಳಿದೆ.”

ಮೆಟ್ಟಿಲಿಳಿಯುವಾಗ ತಮ್ಮ, “ಮರೆತೆ ಅಂತೀನಿ ಬಿಡಕ್ಕ. ಮುಗೀತು,” ಅಂದ.

“ನೀನು ಯಾವತ್ತು ಏನು ಮರೆತಿದೀಯೋ?”

“ಯಾಕೆ, ನಿಶ್ಚಿತಾರ್ಥದ ದಿನ ಉಂಗುರ ಮರೆತಿರ್ಲಿಲ್ವಾ?”

“ಅದು ನಾನು ಮರೆತಿದ್ದು. ನೀನು ಹೋಗಿ ತಂದಿದ್ದು.”

ಇಬ್ಬರೂ ನಕ್ಕರು. ಬೀದಿಗೆ ಬಂದ ಮೇಲೆ ನಗು ನಿಂತಿತು.

ಮನೆಯಲ್ಲಿ ತಮ್ಮನ ಹೆಂಡತಿ ತಟ್ಟೆಯನ್ನು ಇಟ್ಟಳೋ ಎಸೆದಳೋ ಹೇಳುವುದು ಕಷ್ಟ. ಅವಳಿಗೆ ಐದು ತಿಂಗಳು. “ಅತ್ತಿಗೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಾಡ್ಕೊಂಡ್ರೂ ಪರವಾಗಿಲ್ಲ. ನಿಲ್ಲಿಸಿ ಬರ್ತೀನಿ ಅಂದೋರು ಯಾರು, ಬೇಡ ಅಂದೋರು ಯಾರು?”

“ಸುಮ್ನಿರೇ,” ಅಂದ ತಮ್ಮ.

“ನಾನು ಸುಮ್ನೇ ಇದೀನಿ. ಈ ಮನೇಲಿ ಸುಮ್ನಿರೋದು ಬಿಟ್ಟು ನನಗೇನು ಕೆಲಸ? ನೀವು ಲೈಸೆನ್ಸು ಕಳ್ಕೊಂಡ್ರೆ ಏನು ಮಾಡ್ತೀರಿ, ನಿಜವಾಗ್ಲೂ ಇಸ್ತ್ರಿ ಅಂಗಡಿ ಇಡ್ತೀರಾ?”

ಅಕ್ಕ ಉಣ್ಣದೆ ಎದ್ದಳು. ತಮ್ಮ ಹಿಂದೆಯೇ ಅಂಗಳಕ್ಕೆ ಬಂದ. ಅಪ್ಪ ತೀರಿಕೊಂಡಾಗ ಅವನು ಇನ್ನೂ ಶಾಲೆಗೆ ಹೋಗುತ್ತಿದ್ದ. ಅವನ ಫೀಜು, ಬೂಟು, ಆಮೇಲೆ ಲೈಸೆನ್ಸಿನ ಪರೀಕ್ಷೆ ಎಲ್ಲ ಅಕ್ಕನದೇ. ಅದನ್ನು ಅವಳು ಎಂದೂ ಎತ್ತಿ ಆಡಿದವಳಲ್ಲ. ಅವನು ಎಂದೂ ಮರೆತವನಲ್ಲ. ಅದೇ ಈಗ ಅವಳಿಗೆ ಚುಚ್ಚುತ್ತಿದ್ದುದು. ಅವನು ಬಾಯಿಬಿಟ್ಟು ಬೈದಿದ್ದರೆ ಒಂದು ನಿದ್ದೆಯಾದರೂ ಬರುತ್ತಿತ್ತು.

“ಅವಳು ಹೇಳಿದ್ದು ಸರಿ,” ಅಂದಳು.

“ಅವಳು ಯಾವಾಗ್ಲೂ ಸರಿನೇ ಹೇಳೋದು. ಅದಕ್ಕೇ ಕೇಳೋಕೆ ಕಷ್ಟ. ಅಕ್ಕ, ಮರೆತೆ ಅಂದ್ರೆ ಯಾರಿಗೂ ನಷ್ಟ ಇಲ್ಲ. ಆ ಟೈಲರಿಗೂ ದುಡ್ಡು ಸಿಗುತ್ತೆ.”

ಮರುದಿನ ಅಕ್ಕ ಆಸ್ಪತ್ರೆಗೆ ಹೋದಳು. ಟೈಲರ್ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದ. ಅರವತ್ತು ದಾಟಿದ ಒಣಕಲು ಮನುಷ್ಯ, ಮೀಸೆ ಮಾತ್ರ ದಂಡನಾಯಕನದು. ಪಕ್ಕದಲ್ಲಿ ಬಸ್ ಡ್ರೈವರ್ ಆಗಿದ್ದ ಅವನ ಮಗ ಸಮವಸ್ತ್ರದಲ್ಲೇ ಕೂತಿದ್ದ.

“ಬನ್ನಿ ಲಿಫ್ಟಮ್ಮ,” ಅಂದ ಟೈಲರ್. “ಕೂತ್ಕೊಳ್ಳಿ. ನಿಂತಿದ್ರೆ ನಾನು ಎದ್ದು ಮರ್ಯಾದೆ ಕೊಡ್ಬೇಕಾಗುತ್ತೆ, ಈಗ ಆಗಲ್ಲ.”

ಅವಳು ತಂದಿದ್ದ ಹಣ್ಣನ್ನು ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡಳು. “ನೋವು ಹೇಗಿದೆ?”

“ಗಿರಾಕಿಗಳ ಕೋಟು ಕೆಳಗೆ ಬಿದ್ವು, ನಾನು ಅದರ ಮೇಲೆ ಬಿದ್ದೆ. ಬೇಸಿಗೆ ಬಟ್ಟೆ ಆಗಿದ್ರೆ ನಾನು ಉಳೀತಿರ್ಲಿಲ್ಲ. ಒಳ್ಳೇ ದಪ್ಪ ಅಸ್ತರಿ ಹಾಕಿದ್ದೆ, ನನ್ನ ಕೈ ನನ್ನೇ ಕಾಯ್ತು.” ಆಮೇಲೆ ದನಿ ಇಳಿಸಿದ. “ಕಾಲು ಕೂಡುತ್ತಂತೆ. ಒಂದಿಷ್ಟು ಗಿಡ್ಡ ಆಗುತ್ತಂತೆ. ಹೊಲಿಗೆ ಮಿಷನ್ನು ತುಳಿಯೋ ಕಾಲೇ ಅದು.”

ಮಗ ಅವಳನ್ನು ಹೊರಗೆ ಕರೆದುಕೊಂಡು ಬಂದ. “ಅಕ್ಕಾವ್ರೆ, ನೇರ ಮಾತಾಡ್ತೀನಿ. ನಿಮ್ಮ ಲಾಯರು ನಮ್ಮ ಲಾಯರು ಮಾತಾಡಿದಾರೆ. ನಿಮ್ಮ ತಮ್ಮ ಮರೆತೆ ಅಂತ ಹೇಳಿದ್ರೆ ವಿಮೆಯವರು ಮೂರು ತಿಂಗಳಲ್ಲಿ ದುಡ್ಡು ಕೊಡ್ತಾರಂತೆ. ನಮಗೆ ಬೇಕಿರೋದು ಅದು. ಯಾರನ್ನೋ ಜೈಲಿಗೆ ಹಾಕಿ ನಮಗೇನು, ಅಪ್ಪನ ಕಾಲು ಉದ್ದ ಆಗುತ್ತಾ?”

“ಅಪ್ಪನೂ ಹೀಗೇ ಹೇಳ್ತಾರಾ?”

“ಅಪ್ಪನ್ನ ಕೇಳ್ಬೇಡಿ. ಅವರಿಗೆ ದಿನವಿಡೀ ಒಂದೇ ಪ್ರಶ್ನೆ. ಆ ಹುಡುಗ ನಾನು ಹೊಲಿದ ಅಂಗಿ ಹಾಕ್ಕೊಂಡು ಓಡಾಡ್ತಾನೆ, ಒಂದು ಗುಂಡಿ ಸಡಿಲ ಆದ್ರೆ ಓಡಿ ಬರ್ತಾನೆ, ಅವನು ಹೇಗೆ ಮರೆತ ಅಂತ.”

ಅಕ್ಕ ಹಣ್ಣಿನ ಚೀಲವನ್ನು ಮಗನ ಕೈಗೆ ಕೊಟ್ಟು ಬಂದಳು. ಆಸ್ಪತ್ರೆಯ ಎರಡೂ ಲಿಫ್ಟಿನ ಬಾಗಿಲು ಎಳೆದು ನೋಡಲು ಹೋದಳು. ಅವು ತಾವೇ ತೆರೆಯುವ ಬಾಗಿಲುಗಳು. ಎಳೆಯಲು ಹಿಡಿಯೇ ಇರಲಿಲ್ಲ.

ವಿಚಾರಣೆ ಟೈಲರ್ ಬಿದ್ದ ಕಟ್ಟಡದಲ್ಲೇ ನಡೆಯಿತು. ಸರ್ಕಾರದ ಲಿಫ್ಟ್ ಇನ್ಸ್‌ಪೆಕ್ಟರ್ ಹೊಟ್ಟೆ ದೊಡ್ಡದಾದ, ಮಾತು ಕಡಿಮೆಯಾದ ಮನುಷ್ಯ. ಛಾವಣಿಗೆ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಅಪಘಾತವಾದ ಸಂಜೆಯೇ ಪೊಲೀಸರು ಬೀಗಮುದ್ರೆ ಹಾಕಿದ್ದ ಯಂತ್ರದ ಕೋಣೆಯನ್ನು ಎಲ್ಲರೆದುರು ತೆಗೆಸಿದರು. ಒಳಗೆ ಎಣ್ಣೆ ವಾಸನೆ, ಮೂಲೆಯಲ್ಲಿ ಪಾರಿವಾಳದ ಗೂಡು. ಅಕ್ಕ, ತಮ್ಮ, ಲಾಯರಮ್ಮ, ವಿಮೆಯವನು, ಟೈಲರನ ಮಗ ಗೋಡೆಗೆ ಆತು ನಿಂತರು. ಕಟ್ಟಡದ ಸೆಕ್ರೆಟರಿ ಬಾಗಿಲಲ್ಲಿ ನಿಂತು, “ನಮಗೇನೂ ಗೊತ್ತಿಲ್ಲ ಸಾರ್, ನಾವು ಬರೀ ದುಡ್ಡು ಕೊಡೋರು,” ಎಂದು ಯಾರೂ ಕೇಳದಿದ್ದರೂ ಹೇಳಿದ.

“ವೈರು ಕೊಟ್ಟೋರು ಯಾರು?”

“ನಾನೇ ಸಾರ್,” ಅಂದ ತಮ್ಮ. “ಪರೀಕ್ಷೆ ಮಾಡೋಕೆ ಕೊಟ್ಟಿದ್ದೆ. ತೆಗೆಯೋದು ಮರೆತೆ.”

ವಿಮೆಯವನು ಬರೆದುಕೊಂಡ. ಟೈಲರನ ಮಗ ಉಸಿರು ಬಿಟ್ಟ. ಇನ್ಸ್‌ಪೆಕ್ಟರ್ ಟಾರ್ಚು ಹಿಡಿದು ಪೆಟ್ಟಿಗೆಯೊಳಗೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

“ಪರೀಕ್ಷೆಗೆ ಕೊಡೋ ವೈರು ಎಂಥದ್ದಿರುತ್ತೆ ನಿಮ್ಮಲ್ಲಿ?”

ಅಕ್ಕನಿಗೆ ಗೊತ್ತಿತ್ತು. ಅಪ್ಪನ ಕಾಲದಿಂದ ಅವರ ಅಂಗಡಿಯ ಪದ್ಧತಿ: ಪರೀಕ್ಷೆಯ ವೈರು ಕೆಂಪಾಗಿರಬೇಕು, ಕೈಯುದ್ದ ಇರಬೇಕು, ಪೆಟ್ಟಿಗೆಯ ಹೊರಗೆ ಜೋತುಬಿದ್ದಿರಬೇಕು. ಅದನ್ನು ತೆಗೆಯದೆ ಪೆಟ್ಟಿಗೆಯ ಬಾಗಿಲು ಮುಚ್ಚಲು ಬರಬಾರದು. ಮರೆಯಲು ಹೋದರೂ ಮರೆಯಲು ಬಿಡಬಾರದು.

“ಇಲ್ಲಿ ನೋಡಿ,” ಅಂದರು ಇನ್ಸ್‌ಪೆಕ್ಟರ್. ಎಲ್ಲರೂ ಬಗ್ಗಿದರು. ವೈರು ಅಳತೆಗೆ ಕತ್ತರಿಸಿದ್ದು, ಬೇರೆ ವೈರುಗಳ ಜೊತೆ ಸಾಲಾಗಿ ಕೂರಿಸಿದ್ದು. ಎರಡೂ ತುದಿಗೆ ಕಪ್ಪು ಟೇಪು, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಅರ್ಧ ಅರ್ಧ ಹತ್ತಿ, ಕೊನೆಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ಒತ್ತಿದ್ದು. ಪೆಟ್ಟಿಗೆಯಲ್ಲಿ ಅಷ್ಟು ಚೆಂದದ ಕೆಲಸ ಇನ್ನೊಂದಿರಲಿಲ್ಲ.

“ಐದು ನಿಮಿಷಕ್ಕೆ ಕೊಡೋ ವೈರಿಗೆ ಯಾರೂ ಹೀಗೆ ಟೇಪ್ ಸುತ್ತಲ್ಲ,” ಅಂದರು. “ಇದು ಮರೆತೋನ ಕೈಯಲ್ಲ. ಇನ್ನೂ ಕೆಲವು ದಿನ ಇದು ಇರುತ್ತೆ ಅಂತ ಗೊತ್ತಿರೋನ ಕೈ.”

ನಿಜವೇ. ಹೇಗೂ ವೈರು ಉಳಿಯುವುದಾದರೆ ಅದರಿಂದ ಕಿಡಿ ಹಾರಿ ಬೆಂಕಿಯಾದರೂ ಆಗದಿರಲಿ ಎಂದು ತಮ್ಮ ಹಾಗೆ ಸುತ್ತಿದ್ದ. ಅವನು ತೋರಿದ ಜಾಗ್ರತೆಯೇ ಈಗ ಅವನ ಕುತ್ತಿಗೆಗೆ ಬಂತು. ಒರಟಾಗಿ ಬಿಟ್ಟಿದ್ದರೆ ಮರೆತವನಾಗುತ್ತಿದ್ದ.

ಲಾಯರಮ್ಮ ಎರಡು ನಿಮಿಷ ಸಮಯ ಕೇಳಿ ಅಕ್ಕನನ್ನು ಛಾವಣಿಯ ಬಿಸಿಲಿಗೆ ಕರೆತಂದರು. ತಂತಿಯ ಮೇಲೆ ಯಾರದೋ ಹೊದಿಕೆಗಳು ಒಣಗುತ್ತಿದ್ದವು.

“ಮರೆತ ಅನ್ನೋದು ಸತ್ತೋಯ್ತು,” ಅಂದರು. “ಇನ್ನು ಉಳಿದಿರೋದು ಎರಡೇ. ಅವನೊಬ್ಬನೇ ಮಾಡಿದ ಅಂದ್ರೆ ವಿಮೆ ಉಳಿಯುತ್ತೆ, ಅಂಗಡಿ ಉಳಿಯುತ್ತೆ. ಅವನು ಹೋಗ್ತಾನೆ.”

“ಅವನೇನಂತಾನೆ?”

“ಅವನು ಆಗ್ಲೇ ನನ್ನ ಕೈಹಿಡಿದು ಹೇಳಿದಾನೆ. ಅಕ್ಕನ ಹೆಸರು ಬರಬಾರದು ಅಂತ.”

ಅಕ್ಕ ಒಣಗುತ್ತಿದ್ದ ಹೊದಿಕೆಯೊಂದರ ಅಂಚು ಹಿಡಿದುಕೊಂಡಳು. ಬಿಟ್ಟಳು. ಮತ್ತೆ ಹಿಡಿದುಕೊಂಡಳು. ಸುಮ್ಮನಿರುವುದು ಎಷ್ಟು ಸುಲಭವಾಗಿತ್ತೆಂದರೆ ಅದಕ್ಕೆ ಏನೂ ಮಾಡಬೇಕಿರಲಿಲ್ಲ. ವಾರವಿಡೀ ಅವಳು ಮಾಡಿದ್ದೂ ಅದನ್ನೇ ಅಲ್ಲವೇ? ದಿನಾ ಬೆಳಿಗ್ಗೆ ಅವನು ಬೀಗ ಕೇಳಿದಾಗ ಮೂರನೇ ಮಹಡಿಯ ಬಾಗಿಲು ಅವಳ ಕಣ್ಣಿಗೆ ಬರುತ್ತಿತ್ತು. ಅದನ್ನು ಯಾರೋ ಎಳೆಯುವುದೂ ಬರುತ್ತಿತ್ತು. ಅವಳು ಟೀ ಲೋಟ ತೊಳೆಯಲು ಎದ್ದು ಹೋಗುತ್ತಿದ್ದಳು. ಅದಕ್ಕೆ ಮರೆವು ಎನ್ನಲು ಅವಳ ನಾಲಿಗೆಯೂ ಹೊರಳುತ್ತಿರಲಿಲ್ಲ.

ಒಳಗಿನಿಂದ ತಮ್ಮನ ದನಿ ಕೇಳಿತು. “ಹೌದು ಸಾರ್. ಗೊತ್ತಿದ್ದೇ ಬಿಟ್ಟೆ. ನಾನೊಬ್ಬನೇ...”

“ಅವನು ಸುಳ್ಳು ಹೇಳ್ತಾನೆ,” ಎನ್ನುತ್ತ ಅಕ್ಕ ಒಳಗೆ ನುಗ್ಗಿದಳು.

ಎಲ್ಲರೂ ತಿರುಗಿದರು. ಗೂಡಿನ ಪಾರಿವಾಳ ಪಟಪಟನೆ ಹಾರಿತು.

“ಅಕ್ಕ, ನೀನು ಹೊರಗಿರು.”

“ನೀನು ಬಾಯಿ ಮುಚ್ಚು. ಸಾರ್, ನಿಲ್ಲಿಸಿ ಬರ್ಲಾ ಅಂತ ಇವನು ಕೇಳಿದ. ಬೇಡ ಅಂದೆ. ಕುರ್ಚಿ ಅಡ್ಡ ಇಡ್ಲಾ ಅಂದ. ಅದೂ ಬೇಡ ಅಂದೆ. ಸೆಕ್ರೆಟರಿ ಕಣ್ಣಿಗೆ ಬಿದ್ರೆ ಗುತ್ತಿಗೆ ಹೋಗುತ್ತೆ ಅಂತ. ದಿನಾ ಬೀಗ ಕೇಳ್ತಿದ್ದ. ಸಾಗಣೆ ಉಳೀಲಿ ಅಂತ ನಾನೇ ತರಿಸ್ಲಿಲ್ಲ. ಆ ಬಾಗಿಲು ತೆರ್ಕೊಳ್ಳುತ್ತೆ ಅಂತ ನನಗೆ ಗೊತ್ತಿತ್ತು. ಯಾರಾದ್ರೂ ಬೀಳ್ತಾರೆ ಅಂತಾನೂ ಗೊತ್ತಿತ್ತು.”

ಸೆಕ್ರೆಟರಿ ಬಾಗಿಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿದ. ವಿಮೆಯವನು ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

“ಏನು ಮಾಡಿದ್ರಿ ನೀವು?” ಟೈಲರನ ಮಗ ಕೂಗಿದ. “ನಮ್ಮಪ್ಪನ ದುಡ್ಡು? ನಿಮ್ಮ ಸತ್ಯ ಇಟ್ಕೊಂಡು ನಾವು ಆಸ್ಪತ್ರೆ ಬಿಲ್ಲು ಕಟ್ಟೋಣ್ವಾ?”

“ನಿಮ್ಮಪ್ಪನ ದುಡ್ಡು ನಾನು ಕೊಡ್ತೀನಿ.”

“ಎಲ್ಲಿಂದ?”

“ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಮನೆ. ಮೂರೂ ಒಂದೇ ಜಾಗದಲ್ಲಿದೆ. ಮಾರೋಕೆ ಸುಲಭ.”

ತಮ್ಮ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟ. ಜೀವಮಾನದಲ್ಲಿ ಮೊದಲ ಸಲ ಅವನ ಶರ್ಟಿಗೆ ಗ್ರೀಸು ಹತ್ತಿತು. ಅವನಿಗೆ ಅದು ಗೊತ್ತೂ ಆಗಲಿಲ್ಲ.

ಇನ್ಸ್‌ಪೆಕ್ಟರ್ ಟಾರ್ಚು ಆರಿಸಿದರು. “ಹೇಳಿದ್ದನ್ನು ಇನ್ನೊಂದು ಸಲ ನಿಧಾನವಾಗಿ ಹೇಳಿ,” ಅಂದರು. ಅವಳು ಹೇಳಿದಳು. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು, ಯಾಕೆಂದರೆ ಈಗ ಸಿಟ್ಟಿನ ಆಸರೆಯಿರಲಿಲ್ಲ.

ಹೊರಗೆ ಬಂದಾಗ ತಮ್ಮ ಅವಳ ಮುಖ ನೋಡಲಿಲ್ಲ. “ನಾನು ಹೊತ್ಕೊಂಡಿದ್ದೆನಲ್ಲ,” ಅಂದ. “ನಿನ್ನನ್ನ ಯಾರು ಕೇಳಿದ್ರು? ಯಾವಾಗ್ಲೂ ನೀನೇ ಹೇಳೋದು. ನಿಲ್ಲಿಸ್ಬೇಡ ಅಂದೋಳೂ ನೀನೇ, ಹೇಳ್ಬೇಡ ಅಂದ್ರೂ ಹೇಳೋಳು ನೀನೇ.”

“ನಿನಗೆ ಮಗು ಹುಟ್ಟುತ್ತೆ ಕಣೋ.”

“ಅದು ಹುಟ್ಟೋಕೆ ಮನೆ ಬೇಕಲ್ಲ, ಅದನ್ನೇ ಮಾರಿದೆ.” ಅಷ್ಟು ಹೇಳಿ ಅವನು ಮೆಟ್ಟಿಲಿಳಿದು ಹೋದ. ಅವಳು ಒಂದೊಂದೇ ಮಹಡಿ ಇಳಿದಳು. ಬಾಗಿಲುಗಳನ್ನು ಎಳೆದು ನೋಡಲಿಲ್ಲ. ಲಿಫ್ಟಿಗೆ ಸರ್ಕಾರದವರೇ ಬೀಗ ಹಾಕಿದ್ದರು.

ತೀರ್ಪು ಬರಲು ಮಳೆಗಾಲ ಕಳೆಯಿತು. ಗೊತ್ತಿದ್ದೂ ಬಿಟ್ಟವಳು ಯಜಮಾನಿ, ಘೋರ ನಿರ್ಲಕ್ಷ್ಯ ಅವಳದು ಎಂದಾಯಿತು. ಮಾತು ಕೇಳಿ ಬಂದವನು ತಮ್ಮ. ನಿಲ್ಲಿಸಲೇ, ಕುರ್ಚಿ ಇಡಲೇ ಎಂದು ಎರಡು ಸಲ ಕೇಳಿದ್ದ, ಆದರೂ ವೈರು ಬಿಟ್ಟು ಬರಬಾರದಿತ್ತು, ಅವನದು ನಿರ್ಲಕ್ಷ್ಯ ಎಂದಾಯಿತು. ತಾನೇ ಒಪ್ಪಿಕೊಂಡದ್ದಕ್ಕೂ ಪರಿಹಾರ ಕೊಟ್ಟದ್ದಕ್ಕೂ ಅಕ್ಕನಿಗೆ ಜೈಲು ತಪ್ಪಿ ದಂಡವಾಯಿತು. ಇನ್ನೆಂದೂ ಲಿಫ್ಟಿನ ಗುತ್ತಿಗೆ ಹಿಡಿಯಬಾರದೆಂದೂ ಆಯಿತು.

ತೀರ್ಪಿಗೆ ಮೊದಲೇ ಅವಳು ಜಾಗ ಮಾರಿದ್ದಳು. ಟೈಲರನಿಗೆ ಕೊಟ್ಟದ್ದು ವಿಮೆಯವರು ಕೊಡಬಹುದಾಗಿದ್ದಕ್ಕಿಂತ ಕಡಿಮೆಯೇ. ಮಗ ಅದನ್ನು ಹೇಳದೆ ಬಿಡಲಿಲ್ಲ. ಹಣ ತೆಗೆದುಕೊಂಡು ಹೋದ ದಿನ ಟೈಲರ್ ಊರುಗೋಲಿನಲ್ಲಿ ಬಂದು ಬಾಗಿಲಲ್ಲೇ ನಿಂತು, “ಮರೆತ ಅಂದಾಗ ನಂಬಿಕೆ ಬಂದಿರ್ಲಿಲ್ಲ. ಈಗ ನಂಬಿಕೆ ಬಂತು. ಕ್ಷಮಿಸೋಕೆ ಮಾತ್ರ ಇನ್ನೂ ಮನಸ್ಸು ಬಂದಿಲ್ಲ ಲಿಫ್ಟಮ್ಮ, ಸುಳ್ಳು ಯಾಕೆ ಹೇಳ್ಲಿ,” ಅಂದ. ಅವಳು ಕುರ್ಚಿ ಕೊಟ್ಟಳು. ಕೂರಲಿಲ್ಲ.

ತಮ್ಮ ಲೈಸೆನ್ಸು ತಡೆಹಿಡಿದ ಆರು ತಿಂಗಳು ಮನೆಯಲ್ಲಿ ಕೂತು, ಆಮೇಲೆ ಪಕ್ಕದ ಬೀದಿಯವನ ಅಂಗಡಿಗೆ ಕೆಲಸಕ್ಕೆ ಸೇರಿದ. ಅವರೆಲ್ಲ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ಅವನು ಅಕ್ಕನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾನೆ. ತಮ್ಮನ ಹೆಂಡತಿ ತಟ್ಟೆಯನ್ನು ಈಗ ಎಸೆಯುವುದಿಲ್ಲ, ಇಡುತ್ತಾಳೆ. ಮಗುವನ್ನು ಎತ್ತಿಕೊಳ್ಳಲು ಕೊಡುತ್ತಾಳೆ.

ಅಪ್ಪ ಕಟ್ಟಿದ ಅಂಗಡಿ ಹೋಯಿತು. ಮನೆ ಹೋಯಿತು. ಟೈಲರನ ಕಾಲು ಎರಡು ಬೆರಳು ಗಿಡ್ಡವಾಯಿತು, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ತಮ್ಮನ ಲೈಸೆನ್ಸು ಉಳಿಯಿತು.